ಗಡಿಯ ಅಕ್ಷರ, ಜಗತ್ತಿನ ಪಟ್ಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಗೇಪಲ್ಲಿ ಬಸ್ ನಿಲ್ದಾಣದ ಬೋರ್ಡುಗಳನ್ನು ನೋಡುತ್ತ ಓದು ಕಲಿತವಳು ನಾನು. ಒಂದು ಬಸ್ಸಿನದು ಕನ್ನಡ, ಪಕ್ಕದ್ದು ತೆಲುಗು. ‘ಜಲಜ’ ಎಂದು ಎರಡೂ ಲಿಪಿಯಲ್ಲಿ ಬರೆದು ಪಕ್ಕಪಕ್ಕ ಇಡಿ, ಯಾವುದು ಯಾವುದೆಂದು ಹೇಳಲು ಓದಿದವರೂ ಒಂದು ಗಳಿಗೆ ತಡವರಿಸುತ್ತಾರೆ. ಒಂದೇ ತಾಯಿಯ ಮಕ್ಕಳಲ್ಲವೇ ಈ ಲಿಪಿಗಳು!

ಕಂಪ್ಯೂಟರಿಗೆ ಮಾತ್ರ ಹಾಗಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡದ ‘ಜ’ಕ್ಕೆ ಒಂದು ಸಂಖ್ಯೆ, ತೆಲುಗಿನ ‘ಜ’ಕ್ಕೆ ಇನ್ನೊಂದು. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತಂದ ರೈತರೊಬ್ಬರ ಮೊಬೈಲಿಗೆ ಬ್ಯಾಂಕಿನ ಜಾಲವಿಳಾಸ ಬಂತು ಎಂದುಕೊಳ್ಳಿ. ಕನ್ನಡದ್ದೇ ಎಂದು ಒತ್ತುತ್ತಾರೆ. ಅಕ್ಷರಗಳು ತೆಲುಗಿನವು, ದಾರಿ ಹೋಗುವುದು ಕಳ್ಳನ ಮನೆಗೆ.

ಇದನ್ನು ಬೆಂಗಳೂರು ಒಂದೇ ತಡೆಯಲಾರದು, ದೆಹಲಿಯೂ ಅಷ್ಟೇ. ಜಾಲದ ಹೆಸರುಗಳ ಮೂಲಪಟ್ಟಿ ನೋಡಿಕೊಳ್ಳುವುದು 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಐಕ್ಯಾನ್ ಎಂಬ ಸಂಸ್ಥೆ. ಅಮೆರಿಕ ಸರ್ಕಾರ ಒಪ್ಪಂದದ ಮೂಲಕ ಆ ಕೆಲಸದ ಮೇಲೆ ಇಟ್ಟುಕೊಂಡಿದ್ದ ಉಸ್ತುವಾರಿ 2016ರ ಅಕ್ಟೋಬರ್ 1ಕ್ಕೆ ಮುಗಿಯಿತು. ಈಗ ಸರ್ಕಾರಗಳು, ಕಂಪನಿಗಳು, ತಂತ್ರಜ್ಞರು, ಬಳಕೆದಾರರು ಕೂಡಿಯೇ ಹೊಣೆ ಹೊರಬೇಕು. ಹೀಗೆ ಎಲ್ಲರೂ ಕೂತು ಮಾತಾಡಲೆಂದು 2005ರ ಟ್ಯುನಿಸ್ ಶೃಂಗಸಭೆಯಿಂದ ಹುಟ್ಟಿದ ವಿಶ್ವಸಂಸ್ಥೆಯ ಅಂತರ್ಜಾಲ ಆಡಳಿತ ವೇದಿಕೆ 2008ರಲ್ಲಿ ನಮ್ಮ ನೆರೆಯ ಹೈದರಾಬಾದಿನಲ್ಲೂ ಸೇರಿತ್ತು.

ಅದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಜಾಲದ ಹೆಸರುಗಳಿಗೆ ಲಿಪಿನಿಯಮ ರೂಪಿಸಲು ಐಕ್ಯಾನ್ ಅಡಿಯಲ್ಲಿ ಸೇರಿದ ನವಬ್ರಾಹ್ಮಿ ತಂಡದ ಕೆಲಸ. ಬ್ರಾಹ್ಮಿಯಿಂದ ಕವಲೊಡೆದ ಒಂಬತ್ತು ಲಿಪಿಗಳನ್ನು ಬಲ್ಲವರು ಸೇರಿ ಅಕ್ಷರಗಳನ್ನು ಎದುರುಬದುರು ಇಟ್ಟು ತೂಗಿದರು. ಕಣ್ಣಿಗೆ ಒಂದೇ ಎನಿಸುವ ಕನ್ನಡ–ತೆಲುಗು ಅಕ್ಷರಗಳನ್ನು ಜೋಡಿಯೆಂದು ಗುರುತಿಸಿದರು. ಕರಡನ್ನು ಸಾರ್ವಜನಿಕರ ಮುಂದಿಟ್ಟು ಅಭಿಪ್ರಾಯ ಕೇಳಿದರು. 2019ರಲ್ಲಿ ನಿಯಮಗಳು ಜಾರಿಯ ರೂಪ ಪಡೆದವು. ವಿಳಾಸದ ಕೊನೆಯ ಚುಕ್ಕೆಯ ನಂತರ ಬರುವ ಹೆಸರನ್ನು ಒಬ್ಬರು ಕನ್ನಡದಲ್ಲಿ ಪಡೆದರೆ, ಅದರ ತೆಲುಗು ಪಡಿಯಚ್ಚು ಇನ್ನೊಬ್ಬರಿಗೆ ಸಿಗದು. ಎರಡು ಭಾಷೆಯವರು ಜಗಳವಾಡದೆ ಮಾಡಿಕೊಂಡ ಕರಾರು ಇದು. ಗಡಿಯಲ್ಲಿ ಬೆಳೆದ ನನಗೆ ಇದನ್ನು ಓದಿ ಎದೆ ತುಂಬಿತು.

ಆದರೆ ಚುಕ್ಕೆಗೆ ಮುಂಚಿನ ಭಾಗಕ್ಕೆ, ಅಂದರೆ ಆ ರೈತರು ಮೋಸಹೋಗುವ ಭಾಗಕ್ಕೆ, ನಿಯಮ ಮಾಡಬೇಕಾದವರು ಆ ಹೆಸರುಗಳನ್ನು ದಾಖಲಿಸಿಕೊಳ್ಳುವ ಆಯಾ ನೋಂದಣಿ ಸಂಸ್ಥೆಗಳು. ಅಲ್ಲಿ ಬಿಗಿ ಸಾಲದಿದ್ದರೆ ಮೇಲಿನ ಬಿಗಿ ಇದ್ದೂ ರೈತರಿಗೆ ದಕ್ಕದು. ಐಕ್ಯಾನ್‌ನ ಕರಡುಗಳಿಗೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದವರು ಬರೆಯಬೇಕು. ಎರಡೂ ಲಿಪಿಯನ್ನು ದಿನವೂ ಓದುವ ಕಣ್ಣು ದೊಡ್ಡ ಊರುಗಳ ತಜ್ಞರಿಗೆ ಎಲ್ಲಿಂದ ಬರಬೇಕು?

ನನ್ನ ತರಗತಿಯ ಮಕ್ಕಳು ಈ ವಾರ ಅಂಗಡಿ ಫಲಕಗಳನ್ನು ನೋಡಿ, ತಮಗೆ ಗೊಂದಲವಾಗುವ ಅಕ್ಷರಗಳನ್ನು ಬರೆದು ತರುತ್ತಿದ್ದಾರೆ. ಮುಂದಿನ ಕರಡು ಬಂದಾಗ ಆ ಪಟ್ಟಿಯನ್ನು ಕಳಿಸುತ್ತೇವೆ.

ನಮಸ್ಕಾರ.