ಒಂದು ಮಗು, ಹತ್ತು ಅಧ್ಯಕ್ಷರು

(ಕೊಡಗಿನ ಸೇವಾ ಕ್ಲಬ್ ಒಂದರ ಪದಗ್ರಹಣ ಸಮಾರಂಭದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಉಪನ್ಯಾಸ)

ನೂತನ ಅಧ್ಯಕ್ಷರೆ, ಇದೀಗ ಹೊಣೆ ಇಳಿಸಿ ಹಗುರಾಗಿರುವ ಹಿಂದಿನ ಅಧ್ಯಕ್ಷರೆ, ಕ್ಲಬ್ಬಿನ ಸದಸ್ಯರೆ, ಈ ಮಳೆಯಲ್ಲೂ ಬಂದು ಕುಳಿತಿರುವ ಬಂಧುಗಳೆ,

ಸೇವಾ ಕ್ಲಬ್ಬುಗಳ ಹೊಸ ವರ್ಷ ಹುಟ್ಟುವುದು ಜುಲೈ ಒಂದಕ್ಕೆ. ರೋಟರಿಯಾಗಲಿ ಲಯನ್ಸ್ ಆಗಲಿ, ಜಗತ್ತಿನಾದ್ಯಂತ ಇದೇ ಲೆಕ್ಕ. 1905ರಲ್ಲಿ ಷಿಕಾಗೋ ನಗರದ ವಕೀಲ ಪಾಲ್ ಹ್ಯಾರಿಸ್ ಮೂವರು ಗೆಳೆಯರನ್ನು ಕೂಡಿಸಿಕೊಂಡು ರೋಟರಿಗೆ ಅಡಿಪಾಯ ಹಾಕಿದರು. 1917ರಲ್ಲಿ ಅದೇ ನಗರದ ಮೆಲ್ವಿನ್ ಜೋನ್ಸ್ ಲಯನ್ಸ್ ಕಟ್ಟಿದರು. ಇಬ್ಬರೂ ನಮ್ಮ ಕಕ್ಕಡ ಮಾಸದ ಜಡಿಮಳೆ ಕಂಡವರಲ್ಲ. ಕಂಡಿದ್ದರೆ ಪದಗ್ರಹಣವನ್ನು ಪುತ್ತರಿಯ ಸುಗ್ಗಿಹಬ್ಬ ಮುಗಿದ ಮೇಲೆ ಇಟ್ಟುಕೊಳ್ಳುತ್ತಿದ್ದರೇನೋ.

ವರ್ಷಕ್ಕೊಮ್ಮೆ ಅಧ್ಯಕ್ಷರು ಬದಲಾಗುವ ಪದ್ಧತಿ ನನಗೆ ಇಷ್ಟ. ಕುರ್ಚಿಗೆ ಅಂಟಿಕೊಳ್ಳಲು ಯಾರಿಗೂ ಅವಕಾಶವಿಲ್ಲ. ಆದರೆ ಶಾಲೆಯ ಕಡೆಯಿಂದ ನೋಡಿದರೆ ಇದರಲ್ಲೊಂದು ತೊಡಕಿದೆ. ಒಂದನೇ ತರಗತಿಗೆ ಸೇರಿದ ಮಗು ಎಸ್ಸೆಸ್ಸೆಲ್ಸಿ ಮುಗಿಸಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ನಿಮ್ಮ ಕ್ಲಬ್ಬಿಗೆ ಹತ್ತು ಅಧ್ಯಕ್ಷರು ಆಗಿಹೋಗಿರುತ್ತಾರೆ. ಒಬ್ಬರ ಅವಧಿಯಲ್ಲಿ ನೋಟ್‌ಪುಸ್ತಕ, ಮತ್ತೊಬ್ಬರ ಅವಧಿಯಲ್ಲಿ ನೀರಿನ ಫಿಲ್ಟರ್, ಮೂರನೆಯವರಿಗೆ ಸಸಿ ನೆಡುವ ಹುಮ್ಮಸ್ಸು. ಫಿಲ್ಟರಿನ ಕ್ಯಾಂಡಲ್ ಬದಲಿಸಬೇಕಾದ ಹೊತ್ತಿಗೆ ಅದನ್ನು ಕೊಟ್ಟವರು ಮಾಜಿಗಳಾಗಿರುತ್ತಾರೆ. ನೀರು ನಿಂತರೂ ದಾನಿಗಳ ಹೆಸರಿನ ಸ್ಟಿಕ್ಕರ್ ಮಾತ್ರ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ.

ಹಾಗೆಂದು ಕ್ಲಬ್ಬುಗಳಿಗೆ ದೀರ್ಘ ಕೆಲಸ ಸಾಧ್ಯವಿಲ್ಲ ಎನ್ನುವಂತಿಲ್ಲ. ಪೋಲಿಯೊ ಕಥೆ ನಿಮಗೆಲ್ಲ ಗೊತ್ತು. ರೋಟರಿ ಪೋಲಿಯೊ ವಿರುದ್ಧದ ಜಾಗತಿಕ ಅಭಿಯಾನ ಆರಂಭಿಸಿದ್ದು 1985ರಲ್ಲಿ. ಭಾರತದ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾ ವಲಯವನ್ನೇ ಪೋಲಿಯೊಮುಕ್ತವೆಂದು ಘೋಷಿಸಿತು. ಆ ಎಲ್ಲ ವರ್ಷಗಳಲ್ಲಿ ಪ್ರತಿ ಜುಲೈಗೂ ಅಧ್ಯಕ್ಷರು ಬದಲಾದರು, ಕೆಲಸ ಬದಲಾಗಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ ನಿಲ್ದಾಣದ ಬೂತಿನಲ್ಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು ಕುಳಿತವರು ಈ ಸಭೆಯಲ್ಲೇ ಇದ್ದಾರೆ.

ಹಾಗಾದರೆ ನಮ್ಮ ಜಿಲ್ಲೆಯ ಮಕ್ಕಳಿಗೆ ಯಾವ ಕೆಲಸವನ್ನು ಹಾಗೆ ಹಿಡಿದುಕೊಳ್ಳಬೇಕು?

ಮೊದಲು ಯಾವುದು ಬೇಡ ಎಂದು ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆಯ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಬಿಸಿಯೂಟ ಸರ್ಕಾರದಿಂದಲೇ ಬರುತ್ತವೆ. 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ, ಈಚೆಗೆ ಮೊಟ್ಟೆಯೂ ಸೇರಿದೆ. ಉಳಿದದ್ದು ನೋಟ್‌ಪುಸ್ತಕ. ಅದನ್ನು ಕೊಡುವವರಿಗೆ ಬರವಿಲ್ಲ. ಬರ ಇರುವುದು ಹಂಚಿಕೆಯಲ್ಲಿ. ಕಾರು ನಿಲ್ಲಿಸಲು ಜಾಗವಿರುವ ಡಾಂಬರು ರಸ್ತೆಯ ಶಾಲೆಗೆ ಮೂರು ಸಂಘದವರು ಬರುತ್ತಾರೆ. ತೋಟದ ಒಳದಾರಿಯಲ್ಲಿ ಜೀಪು ಮಾತ್ರ ಹೋಗುವ ಶಾಲೆಗೆ ಯಾರೂ ಬರುವುದಿಲ್ಲ. ಪುಸ್ತಕ ಕೈಗಿಡುವಾಗ ಮಗುವನ್ನು ಕ್ಯಾಮೆರಾ ಕಡೆಗೆ ತಿರುಗಿ ನಿಲ್ಲು ಎನ್ನುವುದನ್ನೂ ನಿಲ್ಲಿಸಬಹುದು. ಎಂಟನೇ ತರಗತಿಯ ಹುಡುಗಿಗೆ ಆ ಫೋಟೊ ನಾಳೆ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತದೆ ಎಂದು ಚೆನ್ನಾಗಿ ಗೊತ್ತಿರುತ್ತದೆ.

ಈಗ ಈ ತಿಂಗಳ ಮಾತು. ಜುಲೈಯಲ್ಲಿ ಕೊಡಗಿನ ಯಾವುದೇ ತರಗತಿಯೊಳಗೆ ಕಾಲಿಟ್ಟರೆ ಹೊಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ತೋಟದ ಕಾರ್ಮಿಕರು ಸಾಲಾಗಿ ವಾಸಿಸುವ ಲೈನ್ ಮನೆಯ ಒಂದೇ ಕೋಣೆಯಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ರಾತ್ರಿಯೆಲ್ಲ ಒಣಗಿಸಿದ ಸಮವಸ್ತ್ರದ ವಾಸನೆ ಅದು. ಕಾಲರು ಒಣಗಿರುತ್ತದೆ, ಲಂಗದ ಅಂಚು ಹಸಿಯಾಗಿಯೇ ಇರುತ್ತದೆ. ಬೆಳಿಗ್ಗೆ ಕೊಡೆ ಒಂದೇ ಇದ್ದರೆ ಅದು ಕೆಲಸಕ್ಕೆ ಹೋಗುವ ತಾಯಿಯ ಪಾಲು. ಮಗು ಗೊಬ್ಬರದ ಪ್ಲಾಸ್ಟಿಕ್ ಚೀಲವನ್ನು ಕೊಪ್ಪೆ ಮಾಡಿಕೊಂಡು ಬರುತ್ತದೆ, ಒದ್ದೆಯಲ್ಲೇ ನಾಲ್ಕು ಗಂಟೆಯವರೆಗೆ ಕುಳಿತಿರುತ್ತದೆ. ಸಿದ್ದಾಪುರ, ತಿತಿಮತಿ ಕಡೆಯಾದರೆ ದಾರಿಯಲ್ಲಿ ಆನೆಯ ಭಯ ಬೇರೆ. ಒಳ್ಳೆಯ ರೈನ್‌ಕೋಟ್ ಒಂದನ್ನು ಕೊಡಿ; ಆದರೆ ಮೇ ತಿಂಗಳಲ್ಲಿ ಅಳತೆ ತೆಗೆದುಕೊಂಡು ಜೂನ್ ಒಂದಕ್ಕೆ ಕೊಡಿ. ಆಗಸ್ಟ್ ಹದಿನೈದರ ಧ್ವಜಾರೋಹಣದಲ್ಲಿ ಹಂಚಿದರೆ ಅರ್ಧ ಮಳೆಗಾಲ ಕಳೆದಿರುತ್ತದೆ. ಇದರರ್ಥ, ಇಂದು ಅಧಿಕಾರ ವಹಿಸಿಕೊಂಡವರು ತಮ್ಮ ಅವಧಿಯ ಕೊನೆಯ ತಿಂಗಳಿಗೆ ಹಣ ತೆಗೆದಿಡಬೇಕು, ಅದರ ಪ್ರಯೋಜನ ಬಹುಪಾಲು ಮುಂದಿನವರ ಅವಧಿಯಲ್ಲಿ ಕಾಣಬೇಕು. ಇದಕ್ಕೆ ದೊಡ್ಡ ಮನಸ್ಸು ಬೇಕು, ಬಲ್ಲೆ.

ಮಳೆಗಿಂತ ಗಟ್ಟಿಯಾದ ಪ್ರಶ್ನೆ ಕೊಯ್ಲಿನದು. ದೇಶದ ಕಾಫಿಯ ಸುಮಾರು ಮೂರನೇ ಒಂದು ಭಾಗ ನಮ್ಮ ಜಿಲ್ಲೆಯಿಂದ ಹೋಗುತ್ತದೆ. ನವೆಂಬರಿನಲ್ಲಿ ಅರೇಬಿಕಾ ಹಣ್ಣಾಗತೊಡಗುತ್ತದೆ, ಜನವರಿಯಿಂದ ರೊಬಸ್ಟಾ, ಕಾಫಿ ಹೂವರಳಿಸುವ ಮಾರ್ಚಿನ ಹೂಮಳೆಯವರೆಗೂ ಕೈಗೆ ಬಿಡುವಿಲ್ಲ. ಹಣ್ಣು ಕೊಯ್ದವರಿಗೆ ಕೂಲಿ ಬಹುಮಟ್ಟಿಗೆ ಕಿಲೋ ಲೆಕ್ಕದಲ್ಲಿ. ಸಂಜೆ ಚೀಲ ತೂಕಕ್ಕಿಟ್ಟಾಗ ಎಷ್ಟು ಬಂತೋ ಅಷ್ಟು. ಸೊಂಟದಲ್ಲಿ ಕೂಸು ಇದ್ದರೆ ಕೈ ಓಡುವುದಿಲ್ಲ. ಆಗ ದೊಡ್ಡ ಮಗಳನ್ನು ಶಾಲೆ ಬಿಡಿಸಿ ಗಿಡದ ಬುಡದಲ್ಲಿ ಕೂಸಿನ ಜೊತೆ ಕೂರಿಸುತ್ತಾರೆ. ನಮ್ಮ ಹಾಜರಿ ಪುಸ್ತಕದಲ್ಲಿ ನವೆಂಬರಿನ ಪುಟ ತಿರುಗಿಸಿದರೆ ಹೆಣ್ಣುಮಕ್ಕಳ ಹೆಸರಿನ ಮುಂದೆಯೇ ‘ಗೈ’ ಎಂಬ ಅಕ್ಷರ ಸಾಲುಗಟ್ಟಿರುತ್ತಿತ್ತು. ಬೈದರೆ, ನೋಟಿಸು ಕಳುಹಿಸಿದರೆ ಅದು ಅಳಿಸುವುದಿಲ್ಲ. ಕೂಸನ್ನು ನೋಡಿಕೊಳ್ಳುವವರು ಸಿಕ್ಕರೆ ಅಳಿಸುತ್ತದೆ.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಶಿಶುವಿಹಾರದ ಮಾತು ಆಡಿತ್ತು. ಆದರೆ ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ದೊಡ್ಡ ತೋಟಗಳಿಗೆ. ಕೊಡಗಿನಲ್ಲಿ ಹೆಚ್ಚಿನವು ಕೆಲವೇ ಎಕರೆಗಳ ಹಿಡುವಳಿಗಳು. ಒಬ್ಬೊಬ್ಬ ಬೆಳೆಗಾರರಿಂದಲೂ ಇದು ಆಗದು, ಐದಾರು ತೋಟಗಳು ಸೇರಿದರೆ ಆದೀತು. ಆ ಐದಾರು ತೋಟಗಳ ಯಜಮಾನರು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ! ಅಸ್ಸಾಂ, ಬಂಗಾಳದ ಕಡೆಯಿಂದ ಬಂದ ಕುಟುಂಬಗಳ ಮಕ್ಕಳೂ ಈಗ ನಮ್ಮ ಲೈನುಗಳಲ್ಲಿದ್ದಾರೆ. ಅವರಲ್ಲಿ ಎಷ್ಟೋ ಮಕ್ಕಳ ಬಳಿ ಆಧಾರ್ ಇಲ್ಲ, ವರ್ಗಾವಣೆ ಪತ್ರವಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಾಗದವಿಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಅಷ್ಟನ್ನು ತಂದೆತಾಯಿಗೆ ತಿಳಿಸಿ ಶಾಲೆಯವರೆಗೆ ಜೊತೆಗೆ ಹೋಗುವುದಕ್ಕೆ ನಿಮ್ಮ ಅರ್ಧ ದಿನ ಸಾಕು, ಹಣವೇ ಬೇಡ.

ಬುಡಕಟ್ಟು ಜನರು ವಾಸಿಸುವ ಹಾಡಿಗಳ ಕಡೆಗೂ ಒಂದು ಮಾತು. ಯರವ, ಜೇನುಕುರುಬ ಕುಟುಂಬಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ತಂದೆತಾಯಿ ಇಬ್ಬರಿಂದಲೂ ವಂಶವಾಹಿಯ ದೋಷ ಬಂದರೆ ಮಾತ್ರ ಮಗುವಿಗೆ ರೋಗ. ಆಗ ಮೂಳೆಗಂಟಿನ ನೋವು, ಪದೇ ಪದೇ ಜ್ವರ. 2023ರ ಜುಲೈ ಒಂದರಂದೇ ಇದಕ್ಕಾಗಿ ರಾಷ್ಟ್ರೀಯ ಅಭಿಯಾನ ಶುರುವಾಯಿತು. ನಿಮ್ಮ ಹೊಸ ವರ್ಷದ ದಿನವೇ ನೋಡಿ. ರಕ್ತಪರೀಕ್ಷೆಯ ಶಿಬಿರ ಮಾಡುವುದು ಸುಲಭ, ಬ್ಯಾನರು ಕಟ್ಟಿದರಾಯಿತು. ಆಮೇಲೆ ತಿಂಗಳು ತಿಂಗಳು ಮಗುವನ್ನು ಔಷಧಕ್ಕೆ ಕರೆದೊಯ್ಯುವುದು ಕಷ್ಟ. ಶಕ್ತಿ ಯೋಜನೆಯಲ್ಲಿ ತಾಯಿಗೆ ಸರ್ಕಾರಿ ಬಸ್ ಉಚಿತ, ಸರಿ. ಹಾಡಿಯ ದಾರಿಗೆ ಆ ಬಸ್ ಬರಬೇಕಲ್ಲ. ನಿಮ್ಮಲ್ಲಿ ಜೀಪಿದೆ.

ಭೂಕುಸಿತದ ಆ 2018ರ ಆಗಸ್ಟ್ ಇಲ್ಲಿ ಯಾರಿಗೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಜನ ಉಟ್ಟ ಬಟ್ಟೆಯಲ್ಲಿ ಬಂದಾಗ ಕ್ಲಬ್ಬುಗಳು ಹಗಲಿರುಳು ದುಡಿದವು. ಮುಂದೆ ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಹೊಸ ಮನೆಗಳು ಎದ್ದವು. ಬೆಟ್ಟ ಜರಿದಾಗ ಒಂದನೇ ತರಗತಿಯಲ್ಲಿದ್ದ ಮಕ್ಕಳು ಶಾಲೆ ಬದಲಿಸಿ, ಗೆಳೆಯರನ್ನು ಬದಲಿಸಿ ಹೈಸ್ಕೂಲಿನವರೆಗೆ ಬಂದರು. ಜೋರು ಮಳೆ ಬಂದ ರಾತ್ರಿ ಅವರಲ್ಲಿ ಯಾರಿಗೆ ಇನ್ನೂ ನಿದ್ದೆ ಹತ್ತುವುದಿಲ್ಲ ಎಂದು ಹೋಗಿ ಕೇಳಿದವರು ಕಡಿಮೆ. ಅಕ್ಕಿ, ಕಂಬಳಿ ಹಂಚಿದ ಪಟ್ಟಿಯಲ್ಲಿ ಆ ಮನೆಗಳ ವಿವರ ನಿಮ್ಮ ಕಚೇರಿಯಲ್ಲೇ ಇರಬೇಕು, ಹುಡುಕಿಸಿ.

ನನ್ನ ಕೋರಿಕೆ ಇಷ್ಟು. ಡಾಂಬರು ರಸ್ತೆಯಿಂದ ದೂರವಿರುವ ಒಂದು ಶಾಲೆ, ಅದರ ಸುತ್ತಲಿನ ಲೈನ್ ಮನೆಗಳು, ಒಂದು ಹಾಡಿ — ಇವನ್ನು ಹತ್ತು ವರ್ಷಕ್ಕೆ ಒಪ್ಪಿಕೊಳ್ಳಿ. ನಿರ್ಣಯ ಪುಸ್ತಕದಲ್ಲಿ ಬರೆದು ಇಂದಿನ ಅಧ್ಯಕ್ಷರ ಜೊತೆ ಮುಂದಿನ ಸಾಲಿಗೆ ಆಯ್ಕೆಯಾಗುವವರೂ ಸಹಿ ಹಾಕಲಿ. ಕೊಯ್ಲಿನ ಶಿಶುವಿಹಾರಕ್ಕೆ ಜಾಗ, ಇಬ್ಬರು ಆಯಾಗಳ ಸಂಬಳ, ಹಾಲು, ಮಧ್ಯಾಹ್ನದ ಗಂಜಿ ಇವುಗಳ ಅಂದಾಜನ್ನು ಬರೆದು ತಂದಿದ್ದೇನೆ, ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ. ಅರೇಬಿಕಾ ಹಣ್ಣಾಗಲು ಇನ್ನು ನಾಲ್ಕು ತಿಂಗಳಿದೆ. ಖರ್ಚು ಹೆಚ್ಚಾಯಿತು ಎನಿಸಿದವರು ಈಗಲೇ ಎದ್ದು ಪ್ರಶ್ನೆ ಕೇಳಿ, ಲೆಕ್ಕ ಹೇಳಲು ನಾನು ಸಿದ್ಧನಿದ್ದೇನೆ.