ರ್ಯಾಮ್ ವೇಗಕ್ಕೂ ವಿಡಿಯೋ ಎನ್‌ಕೋಡಿಂಗ್‌ಗೂ ಎಷ್ಟು ನಂಟು?

ವಿಡಿಯೋ ಕುಗ್ಗಿಸೋ ಉಚಿತ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ ಎನ್‌ಕೋಡ್ (ವಿಡಿಯೋ ಕುಗ್ಗಿಸೋ ಕೆಲಸ) ಓಡ್ತಿರುವಾಗ ಸೆಕೆಂಡಿಗೆ ಇಷ್ಟು ಫ್ರೇಮ್ ಅಂತ ಕೆಳಗಡೆ ಒಂದು ಅಂಕಿ ಬರ್ತಾ ಇರುತ್ತಲ್ಲ, ಅದನ್ನ ಮೇಲೇರಿಸೋಕೆ ಜಾಸ್ತಿ ವೇಗದ ರ್ಯಾಮ್ ಹಾಕಿದ್ರೆ ಸಾಕಾ? ಅಂಗಡಿಗೆ ಹೋಗೋ ಮುಂಚೆ ಒಂದು ಲೆಕ್ಕ ಹಾಕೋಣ.

1080ಪಿ ಫ್ರೇಮ್ ಒಂದರಲ್ಲಿ 20,73,600 ಪಿಕ್ಸೆಲ್. ಸಾಮಾನ್ಯ 8 ಬಿಟ್ ವಿಡಿಯೋದಲ್ಲಿ ಪಿಕ್ಸೆಲ್‌ಗೆ ಒಂದೂವರೆ ಬೈಟ್ ಬೀಳುತ್ತೆ, ಅಂದ್ರೆ ಫ್ರೇಮಿಗೆ ಸುಮಾರು 3.1 ಎಂಬಿ. ಎಕ್ಸ್264 ಅನ್ನೋ ಎನ್‌ಕೋಡರ್‌ನ ಮೀಡಿಯಂ ಪ್ರಿಸೆಟ್ (ವೇಗ, ಗುಣಮಟ್ಟದ ಸಿದ್ಧ ಸೆಟ್ಟಿಂಗ್) 3 ರೆಫರೆನ್ಸ್ ಫ್ರೇಮ್, ಅಂದ್ರೆ ಹೋಲಿಕೆಗೆ ಇಟ್ಕೊಂಡ ಫ್ರೇಮ್, ನೋಡುತ್ತೆ. ಮೂಲ ಫ್ರೇಮ್ ಓದೋದು, ರೆಫರೆನ್ಸ್ ಮೂರು ಓದೋದು, ಹೊಸದೊಂದು ಬರೆಯೋದು, ಒಟ್ಟು 15.5 ಎಂಬಿ. ಸೆಕೆಂಡಿಗೆ 100 ಫ್ರೇಮ್ ಓಡಿದ್ರೂ ಒಂದೂವರೆ ಜಿಬಿ ಆಗುತ್ತೆ. ಉಳಿದ ಓಡಾಟ ಸೇರಿಸಿ ಮೂರು ಪಟ್ಟು ಮಾಡಿ ಬೇಕಾದ್ರೆ. ಡಿಡಿಆರ್4 ತಲೆಮಾರಿನ, 2133 ವೇಗದ ರ್ಯಾಮ್‌ನ ಒಂದೇ ಒಂದು ಸ್ಟಿಕ್‌ಗೆ ಸೆಕೆಂಡಿಗೆ 17 ಜಿಬಿ ಸಾಗಿಸೋ ತಾಕತ್ತಿದೆ. ಇಲ್ಲಿ ರ್ಯಾಮ್ ಅಡ್ಡ ಬರಲ್ಲ.

ಮೀಡಿಯಂ ಪ್ರಿಸೆಟ್‌ನಲ್ಲಿ ಒಂದು ಬ್ಲಾಕ್ (ಫ್ರೇಮಿನ ಚಿಕ್ಕ ಚೌಕ) ಎಲ್ಲಿಗೆ ಸರಿದಿದೆ ಅಂತ ಹುಡುಕೋದು ಸುತ್ತಲಿನ 16 ಪಿಕ್ಸೆಲ್ ಆಸುಪಾಸಿನಲ್ಲಿ. ಅಷ್ಟು ಜಾಗದ ಡೇಟಾ ಪ್ರೊಸೆಸರ್ ಒಳಗಿನ ಕ್ಯಾಶ್ ಅನ್ನೋ ಪುಟ್ಟ, ವೇಗದ ಮೆಮೊರಿಯಲ್ಲೇ ಇರುತ್ತೆ, ಕೋರ್‌ಗಳು ಅದನ್ನೇ ಇಟ್ಕೊಂಡು ಮತ್ತೆ ಮತ್ತೆ ಕೂಡಿ ಕಳೀತಾ ಇರ್ತವೆ. ಪ್ರಿಸೆಟ್ ನಿಧಾನ ಆದಷ್ಟೂ ಒಂದೊಂದು ಬೈಟ್ ಮೇಲೆ ಕೆಲಸ ಜಾಸ್ತಿ, ರ್ಯಾಮ್‌ನ ಪಾತ್ರ ಕಡಿಮೆ. ಎಕ್ಸ್265 ಅನ್ನೋ ಇನ್ನೊಂದು ಎನ್‌ಕೋಡರ್‌ನ ಸ್ಲೋ ಪ್ರಿಸೆಟ್ ಬಳಸೋರು ರ್ಯಾಮ್‌ಗೆ ಸುರಿಯೋ ದುಡ್ಡನ್ನ ಇನ್ನೆರಡು ಕೋರ್‌ಗೆ ಹಾಕೋದೇ ಸರಿ.

4ಕೆ 10 ಬಿಟ್ ವಿಡಿಯೋ ಬಂದಾಗ ಮಾತ್ರ ಕಥೆ ಬದಲಾಗುತ್ತೆ. ಮೆಮೊರಿಯಲ್ಲಿ ಆ ಫ್ರೇಮ್ ಒಂದಕ್ಕೇ ಸುಮಾರು 25 ಎಂಬಿ ಬೇಕು. ಡಿನಾಯ್ಸ್, ಸ್ಕೇಲಿಂಗ್, ಬಣ್ಣ ಬದಲಾವಣೆ, ಪ್ರತಿ ಫಿಲ್ಟರೂ ಒಂದು ಫ್ರೇಮ್ ಓದಿ ಇನ್ನೊಂದನ್ನ ಬರೆಯುತ್ತೆ. ಅಲ್ಲಿಗೆ 50 ಎಂಬಿ. ಸೆಕೆಂಡಿಗೆ 60 ಫ್ರೇಮ್ ಓಡಿದ್ರೆ ಒಂದು ಫಿಲ್ಟರ್‌ಗೆ 3 ಜಿಬಿ, ನಾಲ್ಕಕ್ಕೆ 12. ಡಿಕೋಡರ್, ಎನ್‌ಕೋಡರ್ ಲೆಕ್ಕ ಬೇರೆ. ಈಗ ಆ ಒಂಟಿ ಸ್ಟಿಕ್‌ನ 17 ಜಿಬಿ ಸಾಲದು, ಅದೂ ಕಾಗದದ ಮೇಲಿನ ಅಂಕಿ, ಕೈಗೆ ಅಷ್ಟು ಸಿಗಲ್ಲ. ಹಾಗಂತ ಇದು ಅಲ್ಟ್ರಾಫಾಸ್ಟ್ ತರಹದ ಪ್ರಿಸೆಟ್ ಇದ್ದಾಗ, ಇಲ್ಲಾ ಗ್ರಾಫಿಕ್ಸ್ ಚಿಪ್‌ನಲ್ಲಿ ಎನ್‌ಕೋಡ್ ಮಾಡಿದಾಗ ಬರೋ ತೊಂದರೆ. ಎಕ್ಸ್265 ಸೆಕೆಂಡಿಗೆ 5 ಫ್ರೇಮ್ ತೆಗೀತಿದ್ರೆ ಇದೇ ಫಿಲ್ಟರ್‌ಗಳಿಗೆ ಒಂದು ಜಿಬಿ ಸಾಕು.

ಕ್ಯಾಶ್ ಚಿಕ್ಕದಿದ್ರೆ ರ್ಯಾಮ್ ವೇಗದ ಪ್ರಯೋಜನ ಹೆಚ್ಚು. ಎಎಂಡಿಯ ರೈಜನ್ 5600ಎಕ್ಸ್, 5600ಜಿ ಪ್ರೊಸೆಸರ್ ಎರಡಕ್ಕೂ 6 ಕೋರ್, ಆದ್ರೆ ಮೊದಲನೆಯದಕ್ಕೆ 32 ಎಂಬಿ ಎಲ್3 ಕ್ಯಾಶ್, ಎರಡನೆಯದಕ್ಕೆ 16. ಸಾಲದ್ದಕ್ಕೆ 5600ಜಿ ಒಳಗಿನ ಗ್ರಾಫಿಕ್ಸ್ ಕೂಡ ಅದೇ ರ್ಯಾಮ್ ಹಂಚಿಕೊಳ್ಳುತ್ತೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲೇ ಎನ್‌ಕೋಡ್ ಮಾಡೋ ಇಂಟೆಲ್‌ನ ಕ್ವಿಕ್ ಸಿಂಕ್ ಕೂಡ ಹೀಗೇ.

ದುಡ್ಡು ಖರ್ಚಿಲ್ಲದ ಕೆಲಸ ಮೊದಲು ಮಾಡಿ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್, ಅಲ್ಲಿ ಮೆಮೊರಿ. 3200ರ ಸ್ಟಿಕ್ 2133 ಅಥವಾ 2666 ತೋರಿಸ್ತಿದ್ರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಸ್ಟಿಕ್ಕನ್ನ ಅದರ ಪೂರ್ತಿ ವೇಗಕ್ಕೆ ಓಡಿಸೋ ಸೆಟ್ಟಿಂಗ್) ಆನ್ ಆಗಿಲ್ಲ. ಕಂಪ್ಯೂಟರ್‌ನ ವಿವರ ತೋರಿಸೋ ಸಿಪಿಯು-ಝಡ್ ತಂತ್ರಾಂಶದಲ್ಲಿ 1600 ಅಂತ ಬಂದ್ರೆ ಗಾಬರಿ ಬೇಡ, ಅದು ಅರ್ಧ ತೋರಿಸುತ್ತೆ, 3200 ಅಂತಲೇ ಅರ್ಥ. ಸ್ಟಿಕ್ ಎರಡಿದ್ದು ನಾಲ್ಕು ಸ್ಲಾಟ್ ಇದ್ರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2 ಮತ್ತು 4ನೆಯದಕ್ಕೆ ಹಾಕ್ಬೇಕು. ಒಂದು 16 ಜಿಬಿ ಸ್ಟಿಕ್ ಬದಲು 8ರ ಎರಡು ಹಾಕಿದ್ರೆ ಡ್ಯುಯಲ್ ಚಾನೆಲ್ ಆಗಿ (ಡೇಟಾಗೆ ಎರಡು ದಾರಿ) 17 ಜಿಬಿ ಇದ್ದದ್ದು 34 ಆಗುತ್ತೆ. ವೇಗದ ಸ್ಟಿಕ್ ಕೊಳ್ಳೋದಕ್ಕಿಂತ ಇದು ದೊಡ್ಡ ನೆಗೆತ.

ಕೊಳ್ಳೋದೇ ಆದ್ರೆ ಬೋರ್ಡ್‌ನ ಮಿತಿ ನೋಡಿ. ಇಂಟೆಲ್ ಐ5-10400 ಪ್ರೊಸೆಸರ್ ಜೊತೆ ಬಿ460 ಬೋರ್ಡ್ ಇದ್ರೆ 2666ಕ್ಕೆ ನಿಲ್ಲುತ್ತೆ, 3600ರ ಸ್ಟಿಕ್ ಹಾಕಿ ಉಪಯೋಗ ಇಲ್ಲ. ರೈಜನ್ 5000ಕ್ಕೆ 3600 ಹದವಾದ ಜಾಗ, ರೈಜನ್ 7000ಕ್ಕೆ 6000. ಅದರಲ್ಲೂ 7000 ಸರಣಿಯಲ್ಲಿ ನಾಲ್ಕು ಸ್ಟಿಕ್ ತುಂಬಿಸಿದ್ರೆ ಕಂಪನಿ ಹೇಳೋ ವೇಗ 5200ರಿಂದ 3600ಕ್ಕೆ ಇಳಿಯುತ್ತೆ. ರ್ಯಾಮ್ ಉತ್ತರ ಕೊಡೋಕೆ ಎಷ್ಟು ಕಾಯಿಸುತ್ತೆ ಅಂತ ತಿಳಿಯೋಕೆ ಸ್ಟಿಕ್ ಮೇಲಿನ ಸಿಎಲ್ ಅಂಕಿಯನ್ನ 2000ದಿಂದ ಗುಣಿಸಿ ವೇಗದಿಂದ ಭಾಗಿಸಿ: 3200 ಸಿಎಲ್16 ಅಂದ್ರೆ 10 ನ್ಯಾನೋಸೆಕೆಂಡ್, 4800 ಸಿಎಲ್40 ಅಂದ್ರೆ 16.7. ಹೊಸ ಡಿಡಿಆರ್5 ಅಂದ ಮಾತ್ರಕ್ಕೆ ಬೇಗ ಉತ್ತರ ಕೊಡುತ್ತೆ ಅಂತಿಲ್ಲ.

ಪ್ರೊಸೆಸರ್ 100% ತೋರಿಸ್ತಿದೆ, ಹಾಗಾಗಿ ರ್ಯಾಮ್ ಸರಿಯಿದೆ ಅಂದ್ಕೋಬೇಡಿ. ಡೇಟಾಗಾಗಿ ಕಾಯ್ತಾ ನಿಂತ ಕೋರನ್ನೂ ವಿಂಡೋಸ್ ಕೆಲಸದಲ್ಲಿದೆ ಅಂತಲೇ ಎಣಿಸುತ್ತೆ. ರ್ಯಾಮ್ ವೇಗ ಬದಲಿಸೋ ಮುಂಚೆ, ಬದಲಿಸಿದ ಮೇಲೆ, ಎರಡೂ ಸಲ ಅಳೆದೇ ನೋಡ್ಬೇಕು. ಎರಡು ನಿಮಿಷದ ಒಂದು ಕ್ಲಿಪ್, ಅದೇ ಪ್ರಿಸೆಟ್, ಬ್ರೌಸರ್ ಮುಚ್ಚಿ ನಾಲ್ಕು ಸಲ ಓಡಿಸಿ. ಮೊದಲನೆಯದನ್ನ ಬಿಟ್ಟುಬಿಡಿ, ಆಗ ಫೈಲ್ ಡಿಸ್ಕ್‌ನಿಂದ ಬರ್ತಿರುತ್ತೆ. ಉಳಿದ ಮೂರರ ಸರಾಸರಿ ವೇಗ ಹ್ಯಾಂಡ್‌ಬ್ರೇಕ್‌ನ ಆಕ್ಟಿವಿಟಿ ಲಾಗ್ ಕೊನೆಯಲ್ಲಿ ಸಿಗುತ್ತೆ. ನಡುವೆ 8 ಜಿಬಿ ಪೂರ್ತಿ ತುಂಬಿ ಡಿಸ್ಕ್ ಲೈಟ್ ಬಿಡದೆ ಮಿನುಗಿದ್ರೆ ನಿಮಗೆ ಬೇಕಿರೋದು ಹೆಚ್ಚು ರ್ಯಾಮ್, ವೇಗದ್ದಲ್ಲ.

ಎಕ್ಸ್‌ಎಂಪಿ ಆನ್ ಮಾಡಿದ ಮೇಲೆ ರ್ಯಾಮ್ ಪರೀಕ್ಷಿಸೋ ಮೆಮ್‌ಟೆಸ್ಟ್86 ಪೂರ್ತಿ ಓಡಿಸಲೇಬೇಕು. ತಪ್ಪು ಬಿಟ್ ಇದ್ರೆ ಮೂರು ಗಂಟೆ ಎನ್‌ಕೋಡ್ ಕೊನೆಗೆ ಕ್ರ್ಯಾಶ್ ಆಗ್ಬಹುದು, ಇಲ್ಲಾ ಎಲ್ಲೋ ನಡುವೆ ಹಸಿರು ಚೌಕ ಬಿದ್ದು ಯಾರ ಕಣ್ಣಿಗೂ ಬೀಳದೆ ಉಳೀಬಹುದು. ಕಮಾಂಡ್ ಬರೆದು ವಿಡಿಯೋ ಬದಲಿಸೋ ಎಫ್‌ಎಫ್‌ಎಂಪೆಗ್ ಬಲ್ಲವರಿಗೆ ಇನ್ನೊಂದು ದಾರಿ ಇದೆ. ಒಂದೇ ಕ್ಲಿಪ್ಪನ್ನ ಎಕ್ಸ್264ರಲ್ಲಿ, ಸಿಆರ್‌ಎಫ್ (ಗುಣಮಟ್ಟ ಒಂದೇ ಮಟ್ಟದಲ್ಲಿಡೋ) ಕ್ರಮದಲ್ಲಿ, ಎರಡು ಸಲ ಎನ್‌ಕೋಡ್ ಮಾಡಿ ಪ್ರತಿ ಫ್ರೇಮಿನ ಎಂಡಿ5 (ಡೇಟಾದ ಬೆರಳಚ್ಚಿನಂಥ ಅಂಕಿ) ತೆಗೆದು ಹೋಲಿಸಿ. ಸೆಟ್ಟಿಂಗ್ ಒಂದೇ ಆಗಿದ್ರೆ ಎಲ್ಲವೂ ಹೊಂದಬೇಕು. ಒಂದೇ ಒಂದು ಸಾಲು ಬೇರೆ ಬಂದ್ರೂ 3600 ಇದ್ದದ್ದನ್ನ 3466ಕ್ಕೆ ಇಳಿಸಿ, ಮತ್ತೆ ಎರಡು ಸಲ ಓಡಿಸಿ.