ಕಾದು ಗೆದ್ದ ಆನ್ ಕ್ಲಿಫರ್ಡ್

ಕೇಳುಗರಿಗೆ ನಮಸ್ಕಾರ.

ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ಮೊದಲ ಯಾನಕ್ಕೆ ಹೊರಟದ್ದು 1601ರಲ್ಲಿ. ಎಲ್ಲಕ್ಕೂ ಮುಂದಿದ್ದ ಹಡಗಿನ ಹೆಸರು ರೆಡ್ ಡ್ರ್ಯಾಗನ್. ಕಂಪನಿ ಅದನ್ನು 3,700 ಪೌಂಡಿಗೆ ಕೊಂಡದ್ದು ಇಂಗ್ಲೆಂಡಿನ ದೊಡ್ಡ ಸರದಾರ, ಕಂಬರ್ಲೆಂಡಿನ ಅರ್ಲ್ ಜಾರ್ಜ್ ಕ್ಲಿಫರ್ಡನಿಂದ. ಸ್ಪೇನಿನವರ ಹಡಗುಗಳನ್ನು ದೋಚಲೆಂದೇ ಅವನು ಕಟ್ಟಿಸಿದ್ದ ಹಡಗು. 1612ರಲ್ಲಿ ಇದೇ ಹಡಗು ನಮ್ಮ ಸೂರತ್ತಿನ ಬಳಿ ಪೋರ್ಚುಗೀಸರ ಮೇಲೆ ಫಿರಂಗಿ ಹಾರಿಸಿತು. ಹಡಗಿನ ಮಾತು ಅಷ್ಟಕ್ಕಿರಲಿ. ಆ ಜಾರ್ಜನ ಮನೆಯಲ್ಲಿ ನಡೆದ ದಾಯಾದಿ ಜಗಳ ಇನ್ನೂ ಸ್ವಾರಸ್ಯವಾಗಿದೆ.

1605ರಲ್ಲಿ ಜಾರ್ಜ್ ಸಾಲ ಮಾಡಿಟ್ಟು ತೀರಿಕೊಂಡ. ಉಳಿದವಳು ಒಬ್ಬಳೇ ಮಗಳು, 15 ವರ್ಷದ ಆನ್. ಉಯಿಲು ಒಡೆದು ನೋಡಿದರೆ ಕೋಟೆ, ಜಮೀನು ಎಲ್ಲವೂ ಜಾರ್ಜನ ತಮ್ಮ ಫ್ರಾನ್ಸಿಸನಿಗೆ. ಮಗಳಿಗೆ 15,000 ಪೌಂಡು. ಆದರೆ ಎರಡನೇ ಎಡ್ವರ್ಡ್ ದೊರೆಯ ಕಾಲದ ಹಳೆಯ ಪತ್ರವೊಂದಿತ್ತು: ಹೆಣ್ಣಿರಲಿ ಗಂಡಿರಲಿ, ಆಸ್ತಿ ಮಕ್ಕಳಿಗೇ ಸೇರಬೇಕು. ತಾಯಿ ಮಾರ್ಗರೆಟ್ ಆ ದಾಖಲೆಗಳನ್ನೆಲ್ಲ ಹುಡುಕಿಸಿ ತೆಗೆಸಿ, ಮಗಳ ಪರವಾಗಿ ವ್ಯಾಜ್ಯ ಹೂಡಿದಳು.

ಆನ್ ಕೈಹಿಡಿದ ಡಾರ್ಸೆಟ್ಟಿನ ಅರ್ಲ್ ಮಹಾ ದುಂದುಗಾರ. ಕುದುರೆ ಜೂಜು, ಕೋಳಿ ಅಂಕ, ಮೈತುಂಬ ಜರಿ. ರಾಜಿಯಾದರೆ ರೊಕ್ಕ ಕೈಗೆ ಬರುತ್ತದೆಂದು ಹೆಂಡತಿಯನ್ನು ಪೀಡಿಸಿದ. 1616ರ ಮೇ ತಿಂಗಳಲ್ಲಿ ಎರಡು ವರ್ಷವೂ ತುಂಬದ ಮಗಳನ್ನು ಅವಳಿಂದ ಅಗಲಿಸಿದ. ಅದೇ ತಿಂಗಳು ತಾಯಿಯೂ ತೀರಿಕೊಂಡಳು. ಮರುವರ್ಷ ಜನವರಿಯಲ್ಲಿ ಜೇಮ್ಸ್ ದೊರೆ ಗಂಡಹೆಂಡತಿ ಇಬ್ಬರನ್ನೂ ಕರೆಸಿ, ವ್ಯಾಜ್ಯವನ್ನು ತನಗೆ ಒಪ್ಪಿಸಿ ಎಂದ. ಗಂಡ ಹೂಂ ಅಂದ. ಆನ್ ಮಂಡಿಯೂರಿಯೇ, ಜೀವವಿರುವ ತನಕ ಅಪ್ಪನ ಆಸ್ತಿಯಿದ್ದ ವೆಸ್ಟ್‌ಮೋರ್ಲೆಂಡ್ ಸೀಮೆ ಬಿಟ್ಟುಕೊಡಲಾರೆ, ಕ್ಷಮಿಸಬೇಕು ಎಂದಳು. ಇದನ್ನೆಲ್ಲ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾಳೆ. ತೀರ್ಪು ಚಿಕ್ಕಪ್ಪನ ಕಡೆಗಾಯಿತು. ಪರಿಹಾರದ ಹಣ ಗಂಡನ ಪಾಲಿಗೆ. ಆದರೆ ಚಿಕ್ಕಪ್ಪನ ಗಂಡು ಸಂತಾನ ನಿಂತುಹೋದರೆ ಆಸ್ತಿ ಆನ್‌ಗೆ ಎಂಬ ಒಂದು ಮಾತೂ ಅದರಲ್ಲಿತ್ತು.

ಆಕೆ ಕಾದಳು. ಮೊದಲ ಗಂಡ ಹೋದ; ಎರಡನೆಯ ಮದುವೆಯೂ ಸುಖದ್ದಾಗಲಿಲ್ಲ. 1641ರಲ್ಲಿ ಚಿಕ್ಕಪ್ಪ, 1643ರಲ್ಲಿ ಅವನ ಮಗ ಹೆನ್ರಿ. ಅವನಿಗೆ ಗಂಡುಮಕ್ಕಳಿರಲಿಲ್ಲ. ಅಪ್ಪ ಸತ್ತು 38 ವರ್ಷಕ್ಕೆ, ಯಾವ ಕೋರ್ಟೂ ಕೊಡದ ಆಸ್ತಿಯನ್ನು ಆಯುಸ್ಸು ಕೊಟ್ಟಿತು!

ಅಂತರ್ಯುದ್ಧದಿಂದಾಗಿ ಅಲ್ಲಿಗೆ ಹೋಗಲು ಇನ್ನೂ ಆರು ವರ್ಷ ಹಿಡಿಯಿತು. 1649ರಲ್ಲಿ, 59ರ ವಯಸ್ಸಿನಲ್ಲಿ ಬಂದು ನೋಡಿದರೆ ಹುಟ್ಟಿದ ಸ್ಕಿಪ್ಟನ್ ಕೋಟೆ ಹಾಳುಬಿದ್ದಿದೆ. ಮತ್ತೆ ಯುದ್ಧಕ್ಕೆ ಬಳಸದಿರಲೆಂದು ಫಿರಂಗಿಯ ಭಾರ ತಾಳದಂಥ ಮಾಡು ಹಾಕಿಸಬೇಕೆಂಬ ಷರತ್ತಿಗೆ ಒಪ್ಪಿ ಕಟ್ಟಿಸಿದಳು. ಅಂಗಳದಲ್ಲಿ 1659ರಲ್ಲಿ ನೆಟ್ಟ ಯೂ ಮರ ಈಗಲೂ ಇದೆ. ಆಪಲ್‌ಬಿ, ಬ್ರೂಮ್, ಬ್ರಫ್, ಪೆಂಡ್ರಾಗನ್ ಕೋಟೆಗಳನ್ನೂ ಎತ್ತಿ ನಿಲ್ಲಿಸಿದಳು. ಹಾಸಿಗೆ ಪೀಠೋಪಕರಣಗಳ ಸಮೇತ ಕೋಟೆಯಿಂದ ಕೋಟೆಗೆ ಸವಾರಿ. ಬೇಕಾದವರಿಗೆ ಕೊಡುತ್ತಿದ್ದ ಉಡುಗೊರೆಯೂ ವಿಚಿತ್ರ: ತನ್ನ ಹೆಸರಿನ ಅಕ್ಷರ ಕೊರೆಸಿದ ದಪ್ಪ ಬೀಗ. ಡೇಕರ್ ಊರಿನ ಚರ್ಚಿನ ಬಾಗಿಲಲ್ಲಿ 1671ರದೊಂದು ಇದೆ. ಕೋಟೆ ಕಳಕೊಂಡು ಪಡೆದವಳಿಗೆ ಬೀಗದ ಬೆಲೆ ಗೊತ್ತು, ಬಿಡಿ.

ಹಾಗೆಂದು ಆಕೆ ಸಾಧು ಸ್ವಭಾವದವಳೇನಲ್ಲ. ಗೇಣಿ ವಿಚಾರದಲ್ಲಿ ಸ್ವಂತ ಒಕ್ಕಲುಗಳ ಮೇಲೆಯೇ ದಾವೆ ಹಾಕಿದವಳು. ಅದೇ ಕೈ ಆಪಲ್‌ಬಿಯಲ್ಲಿ ಬಡ ವಿಧವೆಯರಿಗೆ ಆಸರೆಮನೆಯನ್ನೂ ಕಟ್ಟಿಸಿತು. 86 ವರ್ಷ ಬದುಕಿ, 1676ರ ಮಾರ್ಚ್ 22ರಂದು, ತಾಯಿ ಸತ್ತ ಬ್ರೂಮ್ ಕೋಟೆಯಲ್ಲೇ ಕಣ್ಮುಚ್ಚಿದಳು. ದಿನಚರಿ ಹಿಂದಿನ ದಿನದವರೆಗೂ ನಡೆದಿತ್ತು.

ಆ ಕೋಟೆಯ ಹತ್ತಿರ, ರಸ್ತೆ ಬದಿಯಲ್ಲಿ ಒಂದು ಕಲ್ಲುಕಂಬವಿದೆ. 1616ರ ಏಪ್ರಿಲ್ 2ರಂದು ತಾಯಿ ಮಗಳು ಕೊನೆಯ ಬಾರಿ ಅಗಲಿದ ಜಾಗ. 40 ವರ್ಷದ ನಂತರ ಆನ್ ಅಲ್ಲಿ ಕಂಬ ನಿಲ್ಲಿಸಿ, ಪ್ರತಿ ವರ್ಷ ಅದೇ ದಿನ ಊರಿನ ಬಡವರಿಗೆ 4 ಪೌಂಡು ಹಂಚುವಂತೆ ದತ್ತಿ ಬಿಟ್ಟಳು. ಹಂಚುವುದು ಪಕ್ಕದ ಚಪ್ಪಡಿ ಕಲ್ಲಿನ ಮೇಲೆ. ಏಪ್ರಿಲ್ 2 ಬಂತೆಂದರೆ ಈಗಲೂ ಜನ ಅಲ್ಲಿ ಸೇರುತ್ತಾರೆ.

ನಮಸ್ಕಾರ.